ಎರಡನೇ ಗುಡ್ಡ

ಅತ್ತಿಗೆಗೂ ನಾದಿನಿಗೂ ಮಾತು ನಿಂತು ಮೂರು ತಿಂಗಳಾಗಿತ್ತು. ಒಂದೇ ಕಟ್ಟಡದ ಕೆಳಗಿನ ಮನೆಯಲ್ಲಿ ಅತ್ತಿಗೆ, ಮೇಲಿನ ಮನೆಯಲ್ಲಿ ನಾದಿನಿ. ಇಬ್ಬರಿಗೂ ಕೆಲಸ ಒಂದೇ ಸಂಶೋಧನಾಲಯದಲ್ಲಿ. ಬೆಳಿಗ್ಗೆ ಹಿಡಿಯುವ ಬಸ್ಸೂ ಒಂದೇ. ಒಬ್ಬರು ಮುಂದಿನ ಬಾಗಿಲಲ್ಲಿ ಹತ್ತಿದರೆ ಇನ್ನೊಬ್ಬರು ಹಿಂದಿನ ಬಾಗಿಲಲ್ಲಿ ಹತ್ತುತ್ತಿದ್ದರು. ನಡುವೆ ಸಿಕ್ಕಿಬಿದ್ದವನು ಒಬ್ಬರಿಗೆ ಗಂಡ, ಇನ್ನೊಬ್ಬರಿಗೆ ಅಣ್ಣ. ಲಿಫ್ಟ್ ರಿಪೇರಿ ಮಾಡುವ ಅವನಿಗೆ ಹಗಲೆಲ್ಲ ಹತ್ತಿ ಇಳಿಯುವುದೇ ಕಸುಬು. ಈಗ ಸಂಜೆಯೂ ಅದೇ ಪಾಡಾಗಿತ್ತು.

"ಮೇಲಿನವಳಿಗೆ ಹೇಳಿ, ನಲ್ಲಿ ಸರಿಯಾಗಿ ತಿರುಗಿಸಲಿ, ನಮ್ಮ ಬಚ್ಚಲ ಚಾವಣಿ ತೊಟ್ಟಿಕ್ತಾ ಇದೆ," ಎಂದು ಕೆಳಗಿನಿಂದ ಹೋಗುತ್ತಿತ್ತು.

"ಅದು ನಲ್ಲಿ ಅಲ್ಲ, ಪೈಪು ಅಂತ ಅತ್ತಿಗೆಗೆ ಹೇಳು," ಎಂದು ಮೇಲಿನಿಂದ ಬರುತ್ತಿತ್ತು.

ಅಣ್ಣ ಎರಡೂ ಕಡೆ ತಲೆಯಾಡಿಸಿ, ಕೊನೆಗೆ ತಾನೇ ಸ್ಪ್ಯಾನರ್ ಹಿಡಿದು ಪೈಪಿನ ಕೆಳಗೆ ಮಲಗಿದ್ದ.

ಜಗಳ ಹುಟ್ಟಿದ್ದು ಒಂದು ರಬ್ಬರ್ ಬಳೆಯಿಂದ. ಒಂದು ಭಾನುವಾರ ಅತ್ತಿಗೆ ತಮ್ಮ ಕಚೇರಿಯ ಹನ್ನೊಂದು ಜನರನ್ನು ಊಟಕ್ಕೆ ಕರೆದಿದ್ದರು. ಒಲೆ ಹಚ್ಚಿ ನೋಡಿದರೆ ಕುಕ್ಕರಿನ ಮುಚ್ಚಳದಲ್ಲಿ ರಬ್ಬರ್ ಇಲ್ಲ. ಹಿಂದಿನ ದಿನ ನಾದಿನಿ ಅದನ್ನು ತನ್ನ ಉಕ್ಕಿನ ಪಾತ್ರೆಯ ಬಾಯಿಗೆ ಸರಿಹೋಗುತ್ತದೋ ಎಂದು ಅಳತೆ ನೋಡಲು ಒಯ್ದವಳು ಪ್ರಯೋಗಾಲಯದಲ್ಲೇ ಮರೆತು ಬಂದಿದ್ದಳು. ಬೇಳೆ ಬೇಯಲಿಲ್ಲ. ಹನ್ನೊಂದು ಜನ ಮೂರು ಗಂಟೆಯವರೆಗೆ ನೀರು ಕುಡಿದು ಕೂತರು. ಅಷ್ಟಾದರೂ ಅತ್ತಿಗೆ ಕ್ಷಮಿಸುತ್ತಿದ್ದರೇನೋ. ಆದರೆ ನಾದಿನಿ ಮೆಟ್ಟಿಲಿಳಿದು ಬಂದು, "ಮುಚ್ಚಳ ತೆಗೆದೇ ಬೇಯಿಸಬಹುದು ಅತ್ತಿಗೆ. ನೀರು ನೂರು ಡಿಗ್ರಿಗೆ ಕುದಿಯತ್ತೆ, ಸ್ವಲ್ಪ ಹೊತ್ತು ಹಿಡಿಯತ್ತೆ ಅಷ್ಟೇ," ಎಂದು ವಿಜ್ಞಾನ ಹೇಳಿದಳು. ಸೌಟು ಹಿಡಿದ ಅತ್ತಿಗೆ ಅವಳನ್ನು ಒಮ್ಮೆ ನೋಡಿದರು. ಅವತ್ತಿನಿಂದ ಬಾಯಿಗೆ ಬೀಗ. ನಾದಿನಿ ಹೊಸ ರಬ್ಬರ್ ಕೊಂಡು ಅಣ್ಣನ ಕೈಯಲ್ಲಿ ಕಳಿಸಿದಳು. ಅದು ಅದೇ ಕೈಯಲ್ಲಿ ಹಿಂದಕ್ಕೆ ಬಂತು. ತಪ್ಪಾಯಿತು ಎನ್ನುವ ಮಾತು ಅದರ ಜೊತೆ ಹೋಗಿರಲಿಲ್ಲ. ನಾದಿನಿಯ ಬಾಯಲ್ಲಿ ಆ ಮಾತು ಸುಲಭಕ್ಕೆ ಹೊರಡುವಂಥದ್ದೂ ಆಗಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಆ ಮನೆತನದ ಗುಣ. ಅಣ್ಣನ ಪಾಲನ್ನೂ ಅವಳೇ ಪಡೆದು ಬಂದಿದ್ದಳು.

ಅತ್ತಿಗೆಯ ಕೆಲಸ ವಿಕಿರಣ ಸೂಸುವ ವಸ್ತುಗಳನ್ನು ಕಾಯುವುದು. ಪ್ರಯೋಗಾಲಯದವರು ಅವುಗಳನ್ನು 'ಸೋರ್ಸ್' ಎನ್ನುತ್ತಾರೆ. ಅಂಗಿಯ ಗುಂಡಿಯಷ್ಟೇ ದೊಡ್ಡವು. ಒಂದೊಂದಕ್ಕೂ ಒಂದೊಂದು ಸೀಸದ ಡಬ್ಬಿ, ಡಬ್ಬಿಗಳಿಗೆ ಕಬ್ಬಿಣದ ಕಪಾಟು, ಕಪಾಟಿಗೆ ಎರಡು ಬೀಗ. ಎರಡನೇ ಬೀಗದ ಕೀಲಿ ಸದಾ ಅತ್ತಿಗೆಯ ಸೊಂಟದಲ್ಲಿ. ಹುಡುಗರು ಬೆನ್ನ ಹಿಂದೆ ಅವರನ್ನು 'ಸೀಸಮ್ಮ' ಎನ್ನುತ್ತಿದ್ದರು. ಅತ್ತಿಗೆಗೆ ಅದು ಗೊತ್ತಾದ ವಾರವೇ ತಮ್ಮ ಚಹಾದ ಲೋಟದ ಮೇಲೆ ಆ ಹೆಸರನ್ನು ತಾವೇ ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದರು. ಅಲ್ಲಿಗೆ ಹುಡುಗರ ತಮಾಷೆ ಸಪ್ಪೆಯಾಯಿತು.

ನಾದಿನಿಯದು ಅಳೆಯುವ ಯಂತ್ರ ಕಟ್ಟುವ ಕೆಲಸ. ಬಕೆಟ್ಟಿನಷ್ಟು ದೊಡ್ಡ ಉಕ್ಕಿನ ಪಾತ್ರೆ, ಅದರೊಳಗೆ ಕೂದಲೆಳೆಯಂಥ ತಂತಿಗಳು, ಸುತ್ತ ತುಂಬಿದ ಝೆನಾನ್ ಅನಿಲ, ಮೇಲೆ ತೆಳ್ಳನೆಯ ಲೋಹದ ಒಂದು ಕಿಟಕಿ. ಕಣ್ಣಿಗೆ ಕಾಣದ ಕಿರಣ ಕಿಟಕಿಯಿಂದ ಒಳಹೊಕ್ಕು ಅನಿಲಕ್ಕೆ ಬಡಿದರೆ ತಂತಿಯಲ್ಲಿ ಸಣ್ಣದೊಂದು ವಿದ್ಯುತ್ತಿನ ಮಿಡಿತ ಹುಟ್ಟುತ್ತದೆ. ಕಿರಣದ ಶಕ್ತಿ ಹೆಚ್ಚಿದ್ದಷ್ಟೂ ಮಿಡಿತ ದೊಡ್ಡದು. ಯಾವ ಮಿಡಿತಕ್ಕೆ ಎಷ್ಟು ಶಕ್ತಿ ಎಂದು ಯಂತ್ರಕ್ಕೆ ಮೊದಲು ಕಲಿಸಬೇಕು. ಅಂಗಡಿಯ ತಕ್ಕಡಿಯನ್ನು ಮುದ್ರೆ ಒತ್ತಿದ ತೂಕದ ಬಟ್ಟು ಇಟ್ಟು ಪರೀಕ್ಷಿಸಿದ ಹಾಗೆ, ಇದನ್ನು ಶಕ್ತಿ ಗೊತ್ತಿರುವ ಸೋರ್ಸ್ ಇಟ್ಟು ಪರೀಕ್ಷಿಸುತ್ತಾರೆ. ಆ ಬಟ್ಟುಗಳೆಲ್ಲ ಇದ್ದದ್ದು ಅತ್ತಿಗೆಯ ಕಪಾಟಿನಲ್ಲಿ.

ಹಾಗಂತ ಈ ಮೂರು ತಿಂಗಳು ಇಬ್ಬರೂ ಮುಖಾಮುಖಿಯಾಗಿರಲಿಲ್ಲ. ಸೋರ್ಸ್ ಡಬ್ಬಿಯಿಂದ ಹೊರಗಿರುವಷ್ಟು ಹೊತ್ತೂ ಕೋಣೆಯಲ್ಲಿ ಇಬ್ಬರಿರಬೇಕು, ಅವರಲ್ಲೊಬ್ಬರು ಕಪಾಟು ಕಾಯುವವರಾಗಿರಬೇಕು ಎಂಬುದು ನಿಯಮ. ಅತ್ತಿಗೆ ನಾದಿನಿಯ ಕೋಣೆಗೆ ತಮ್ಮ ಸಹಾಯಕನನ್ನು ಕಳಿಸಿ ಕೈತೊಳೆದುಕೊಳ್ಳುತ್ತಿದ್ದರು. ಆ ಗುರುವಾರ ಮಾತ್ರ ಸಹಾಯಕ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ. ಶುಕ್ರವಾರ ಬೆಳಿಗ್ಗೆ ನಾದಿನಿಯ ಯಂತ್ರವನ್ನು ಒಯ್ಯಲು ವ್ಯಾನು ಬರುವುದಿತ್ತು. ದೊಡ್ಡ ಬಲೂನಿಗೆ ಅದನ್ನು ಕಟ್ಟಿ ಆಕಾಶಕ್ಕೆ ಬಿಟ್ಟು, ನಕ್ಷತ್ರಗಳಿಂದ ಬರುವ ಕಿರಣಗಳನ್ನು ಅಳೆಯಬೇಕೆಂದು ಒಂದು ತಂಡ ಕಾದು ಕೂತಿತ್ತು. ಆದ್ದರಿಂದ ಒಂಬತ್ತೂವರೆಗೆ ಸರಿಯಾಗಿ ಅತ್ತಿಗೆ, ಒಂದು ಕೈಯಲ್ಲಿ ಸೀಸದ ಡಬ್ಬಿ, ಇನ್ನೊಂದರಲ್ಲಿ ತಮ್ಮ ನೀಲಿ ರಟ್ಟಿನ ನೋಟುಬುಕ್ಕು, ಕಂಕುಳಲ್ಲಿ ದಿನಪತ್ರಿಕೆ ಹಿಡಿದು ನಾದಿನಿಯ ಬಾಗಿಲಲ್ಲಿ ನಿಂತರು.

"ಡಾಕ್ಟರ್, ಇಲ್ಲಿ ಸಹಿ ಹಾಕಿ," ಎಂದರು.

ಮನೆಯಲ್ಲಿ 'ಲೇ ಇವಳೇ' ಎನ್ನುತ್ತಿದ್ದವರ ಬಾಯಲ್ಲಿ 'ಡಾಕ್ಟರ್' ಕೇಳಿ ನಾದಿನಿಗೆ ಚುರುಕ್ಕೆಂದಿತು. ಸಹಿ ಹಾಕಿದಳು. ಪ್ರತಿ ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಬೇಕೆಂಬುದೂ ನಿಯಮವೇ ಆದ್ದರಿಂದ ಮೂರು ತಿಂಗಳ ಮೇಲೆ ಅವರಿಬ್ಬರ ನಡುವೆ ಹೀಗೆ ಮಾತಾಯಿತು.

"ಮುಚ್ಚಳ ತೆಗೀತಾ ಇದೀನಿ," ಎಂದರು ಅತ್ತಿಗೆ.

"ನೋಡಿದೆ."

"ಅಮೆರಿಸಿಯಂ, ನಾಲ್ಕನೇ ನಂಬರು."

"ನಾಲ್ಕನೇ ನಂಬರು, ಸರಿ."

"ಕಿಟಕಿಯಿಂದ ನಾಲ್ಕು ಬೆರಳು ದೂರ ಇಟ್ಟಿದೀನಿ."

"ಇಟ್ಟಿದ್ದು ನೋಡಿದೆ."

ಉದ್ದದ ಚಿಮಟವನ್ನು ಒರೆಸಿಟ್ಟು ಅತ್ತಿಗೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಪತ್ರಿಕೆಯ ಪದಬಂಧ ಬಿಡಿಸತೊಡಗಿದರು. ನಾದಿನಿ ತಂತಿಗಳಿಗೆ ವಿದ್ಯುತ್ ಏರಿಸಿ ಪರದೆಯ ಮುಂದೆ ಕೂತಳು. ಪರದೆಯ ತಳದಲ್ಲಿ ಸೊನ್ನೆಯಿಂದ ಸಾವಿರದವರೆಗೆ ಗೆರೆಗಳು. ಬಂದ ಪ್ರತಿಯೊಂದು ಮಿಡಿತವೂ ತನ್ನ ಗಾತ್ರದ ಗೆರೆಯ ಮೇಲೆ ಒಂದು ಚುಕ್ಕೆಯಾಗಿ ಕೂರುತ್ತದೆ. ಒಂದೇ ಗಾತ್ರದವು ಹೆಚ್ಚಾದಾಗ ಅಲ್ಲಿ ಗುಡ್ಡ ಏಳುತ್ತದೆ. ಈ ಪಾತ್ರೆಯನ್ನು ಹೋದ ವರ್ಷ ನೋಡಿಕೊಳ್ಳುತ್ತಿದ್ದವರು ಈಗ ನಿವೃತ್ತರು. ಅವರು ಬಿಟ್ಟುಹೋದ ಪುಸ್ತಕದಲ್ಲಿ ಒಂದೇ ಸಾಲಿತ್ತು: 'ಅಮೆರಿಸಿಯಂ ಆರುನೂರರಲ್ಲಿ.' ಅಂದರೆ, ಎಲ್ಲ ಸರಿಯಿದ್ದರೆ ಆರುನೂರನೇ ಗೆರೆಯ ಮೇಲೆ ಗುಡ್ಡ ಏಳಬೇಕು.

ಚುಕ್ಕೆಗಳು ಉದುರತೊಡಗಿದವು. ಕೋಣೆಯಲ್ಲಿ ಪಂಪಿನ ಗುಂಯ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಅತ್ತಿಗೆ ಪೆನ್ಸಿಲು ಕಚ್ಚಿಕೊಂಡು, ಯಾರಿಗೂ ಅಲ್ಲವೆಂಬಂತೆ, "ಸುಲಭಕ್ಕೆ ಬಿಟ್ಟುಕೊಡದವಳು, ನಾಲ್ಕಕ್ಷರ," ಎಂದರು. ನಾದಿನಿಗೆ 'ಛಲಗಾತಿ' ಎಂದು ಥಟ್ಟನೆ ಹೊಳೆಯಿತು. ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡಳು. ಅತ್ತಿಗೆ ಪರದೆಯ ಕಡೆಗೊಮ್ಮೆ, ಅವಳ ಬೆನ್ನಿನ ಕಡೆಗೊಮ್ಮೆ ನೋಡಿ 'ಹಟಮಾರಿ' ಎಂದು ತುಂಬಿದರು.

ಅರ್ಧ ಗಂಟೆಯಲ್ಲಿ ಗುಡ್ಡ ಎದ್ದಿತು. ಸೊಗಸಾದ, ಗುಂಡನೆಯ, ಒಂಟಿ ಗುಡ್ಡ. ಸರಿಯಾಗಿ ಆರುನೂರರ ಮೇಲೆ. ನಾದಿನಿಗೆ ನಂಬಲಾಗಲಿಲ್ಲ. ಇಂಥ ಯಂತ್ರಗಳು ಮೊದಲ ಸಲಕ್ಕೇ ಮಾತು ಕೇಳುವುದು ಎಲ್ಲಿಯ ಮಾತು. ಸಂಜೆಯವರೆಗೆ ಒದ್ದಾಡಬೇಕೆಂದು ಎರಡು ಡಬ್ಬಿ ಊಟ ಕಟ್ಟಿಕೊಂಡು ಬಂದಿದ್ದಳು. ಖುಷಿ ತಡೆಯಲಾರದೆ ವಿಭಾಗದ ಮುಖ್ಯಸ್ಥರಿಗೆ ಫೋನು ಹಚ್ಚಿದಳು.

"ಸಾರ್, ಆಗೋಯ್ತು. ಮೊದಲನೇ ಸಲಕ್ಕೇ ಕೂತಿದೆ. ಹೌದು ಸಾರ್, ಆರುನೂರು ಅಂದ್ರೆ ಆರುನೂರೇ. ನಾಳೆ ಬೆಳಿಗ್ಗೆ ಕಳಿಸಿಬಿಡೋಣ."

ಫೋನಿನ ಆಚೆಯಿಂದ ಭೇಷ್ ಎನ್ನುವುದು ಸ್ಟೂಲಿನವರೆಗೂ ಕೇಳಿಸಿತು. ಬಲೂನಿನ ತಂಡದವರಿಗೆ ಈಗಲೇ ತಿಳಿಸುತ್ತೇನೆ ಎಂದದ್ದೂ ಕೇಳಿಸಿತು.

ಅತ್ತಿಗೆ ಎದ್ದು ಬಂದರು. ಸೋರ್ಸ್ ಬಳಸಿದಾಗಲೆಲ್ಲ ನಿಮಿಷಕ್ಕೆ ಎಷ್ಟು ಎಣಿಕೆ ಬಂತೆಂದು ತಮ್ಮ ನೀಲಿ ಪುಸ್ತಕದಲ್ಲಿ ಬರೆದಿಡುವುದು ಅವರ ಪದ್ಧತಿ. ಯಾವ ನಿಯಮವೂ ಹೇಳದಿದ್ದರೂ ಇಪ್ಪತ್ತು ವರ್ಷದಿಂದ ಬಿಟ್ಟಿರಲಿಲ್ಲ. ಪರದೆಯ ಮೂಲೆಯ ಅಂಕಿ ನೋಡಿ ಬರೆದುಕೊಂಡರು. ಪುಟ ತಿರುವಿ ಹಳೆಯದನ್ನು ನೋಡಿದರು. ಮತ್ತೆ ಪರದೆ ನೋಡಿದರು. ಹುಬ್ಬು ಗಂಟಾಯಿತು.

"ಡಾಕ್ಟರ್, ಎಣಿಕೆ ಸಾಲದು."

"ಅಂದ್ರೆ?"

"ಹೋದ ವರ್ಷ ಇದೇ ಪಾತ್ರೆ, ಇದೇ ನಾಲ್ಕನೇ ನಂಬರು, ಇದೇ ನಾಲ್ಕು ಬೆರಳು ದೂರ. ನಿಮಿಷಕ್ಕೆ ಒಂಬತ್ತು ಸಾವಿರದ ನೂರು. ಇವತ್ತು ಆರು ಸಾವಿರದ ಇನ್ನೂರು."

"ಸೋರ್ಸ್ ಸ್ವಲ್ಪ ಹಳೇದಾಗಿರಬೇಕು," ಎಂದಳು ನಾದಿನಿ. ಅಷ್ಟು ಹೇಳುವಾಗಲೇ ಅದು ತಪ್ಪು ಮಾತೆಂದು ಅವಳಿಗೆ ಗೊತ್ತಿತ್ತು.

"ಅಮೆರಿಸಿಯಂ ಅರ್ಧ ಆಗೋಕೆ ನಾನೂರ ಮೂವತ್ತೆರಡು ವರ್ಷ ಬೇಕು. ಒಂದೇ ವರ್ಷಕ್ಕೆ ಸೊರಗಿಹೋಗೋಕೆ ಅದೇನು ನನ್ನ ಹಾಗೆ ಮೇಲಿನ ಮನೆಯವರ ಕಾಟದಲ್ಲಿ ಬದುಕ್ತಾ ಇದೆಯಾ?"

ನಾದಿನಿಗೆ ನಗು ಬಂತು. ನಕ್ಕರೆ ಸೋತಂತೆ ಎಂದು ಕೆಮ್ಮಿದಳು. ಆದರೆ ಅತ್ತಿಗೆ ತಮಾಷೆಗೆ ನಿಂತಿರಲಿಲ್ಲ. ಎಣಿಕೆ ಕಡಿಮೆಯಾಗಿದೆ ಎಂದರೆ ಅವರ ಕಣ್ಣಿಗೆ ಮೊದಲು ಕಾಣುವುದು ಸೋರ್ಸಿನ ಮೇಲಿನ ಹೊದಿಕೆ ಎಲ್ಲಾದರೂ ಕಿತ್ತುಹೋಗಿದೆಯೇ ಎಂಬುದು. ಕೈಗವಸು ಹಾಕಿಕೊಂಡು ಚಿಮಟದಿಂದ ಅದನ್ನೆತ್ತಿ, ಕಾಗದದ ಚೂರಿನಿಂದ ಒರೆಸಿ, ಕಾಗದವನ್ನು ವಿಕಿರಣ ಅಳೆಯುವ ಕೈಮೀಟರಿನ ಮುಂದೆ ಹಿಡಿದರು. ಮೀಟರು ಸುಮ್ಮನಿತ್ತು. ಸೋರ್ಸನ್ನೇ ಹಿಡಿದರು. ಮುಳ್ಳು ಹೋದ ವರ್ಷ ನಿಂತಲ್ಲೇ, ಕೂದಲಷ್ಟೂ ಆಚೀಚೆಯಾಗದೆ ನಿಂತಿತು. ಅವರ ಮುಖ ತಿಳಿಯಾಯಿತು. ಸೋರ್ಸನ್ನು ಮತ್ತೆ ಅದೇ ನಾಲ್ಕು ಬೆರಳು ದೂರದಲ್ಲಿಟ್ಟರು.

"ನನ್ನ ಮಗು ನೆಟ್ಟಗಿದೆ. ನಿಮ್ಮದನ್ನ ನೋಡ್ಕೊಳ್ಳಿ."

ಈಗ ಬೆವರುವ ಸರದಿ ನಾದಿನಿಯದು. ಮೂರರಲ್ಲಿ ಒಂದು ಭಾಗ ಕಿರಣ ಎಲ್ಲಿಗೆ ಹೋಯಿತು? ಅನಿಲ ಸೋರಿದೆಯೇ ಎಂದು ಒತ್ತಡದ ಮಾಪಕ ನೋಡಿದಳು, ಸರಿಯಿತ್ತು. ಕಿಟಕಿಯ ಮೇಲೆ ಏನಾದರೂ ಅಡ್ಡ ಬಂದಿದೆಯೇ ಎಂದು ಟಾರ್ಚು ಹಾಕಿ ನೋಡಿದಳು, ಏನೂ ಇರಲಿಲ್ಲ. ತಂತಿಗಳ ವಿದ್ಯುತ್ತು ಇರಬೇಕಾದಷ್ಟೇ ಇತ್ತು. ಗುಡ್ಡ ಮಾತ್ರ ಆರುನೂರರ ಮೇಲೆ ತಣ್ಣಗೆ ಕೂತು ಬೆಳೆಯುತ್ತಿತ್ತು. ಅತ್ತಿಗೆ ಈಗ ಸ್ಟೂಲಿಗೆ ವಾಪಸಾಗದೆ ಅವಳ ಹೆಗಲ ಹಿಂದೆಯೇ ನಿಂತಿದ್ದರು.

"ಇನ್ನೊಂದೆಲ್ಲಿ?" ಎಂದು ಕೇಳಿದರು.

"ಇನ್ನೊಂದು ಯಾವುದು?"

"ಗುಡ್ಡ. ಹೋದ ವರ್ಷ ಎರಡಿತ್ತು. ನಾನು ಅದೇ ಸ್ಟೂಲಿನ ಮೇಲೆ ಕೂತು ದಿನವಿಡೀ ನೋಡಿದೀನಿ. ಎಡಗಡೆ ದೊಡ್ಡದು, ಬಲಗಡೆ ಚಿಕ್ಕದು. ಅಮ್ಮನ ಸೆರಗು ಹಿಡ್ಕೊಂಡು ನಿಂತ ಮಗು ಹಾಗೆ ಇತ್ತು. ನನಗೆ ನಿಮ್ಮ ಲೆಕ್ಕ ಗೊತ್ತಾಗಲ್ಲ, ಆದ್ರೆ ಎರಡಿತ್ತು ಅನ್ನೋದು ಗೊತ್ತು."

ನಾದಿನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಇದು ಅವಳಿಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಪ್ರತಿ ವರ್ಷ ಹೊಸದಾಗಿ ಸೇರುವವರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಹೇಳುತ್ತಿದ್ದದ್ದೇ ಇದನ್ನು. ಅಮೆರಿಸಿಯಂನ ಕಿರಣದ ಶಕ್ತಿ ಸುಮಾರು ಅರವತ್ತು ಅಂತಿಟ್ಟುಕೊಂಡರೆ, ಅದನ್ನು ನುಂಗಿದ ಝೆನಾನ್ ಪರಮಾಣು ಬಹಳ ಸಲ ಅದರಲ್ಲಿ ಮೂವತ್ತರಷ್ಟನ್ನು ಇನ್ನೊಂದು ಕಿರಣವಾಗಿ ಉಗುಳಿಬಿಡುತ್ತದೆ. ಆ ಉಗುಳಿದ್ದು ಹೆಚ್ಚಾಗಿ ಪಾತ್ರೆಯ ಗೋಡೆ ಸೇರಿ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಉಳಿದ ಮೂವತ್ತು ಮಾತ್ರ ತಂತಿಗೆ ಸಿಗುತ್ತದೆ. ಹಾಗಾಗಿ ಅರವತ್ತರ ಗುಡ್ಡ ಚಿಕ್ಕದು, ಅದರ ಅರ್ಧ ದೂರದಲ್ಲಿ ಏಳುವ ಮೂವತ್ತರ ಗುಡ್ಡವೇ ದೊಡ್ಡದು. ಆರುನೂರರ ಮೇಲೆ ಕೂತು ಅವಳನ್ನು ಮರುಳು ಮಾಡಿದ್ದು ಈ ಮೂವತ್ತರ ಗುಡ್ಡ. ನಿಜವಾದ ಅರವತ್ತರದು ಸಾವಿರದಿನ್ನೂರರ ಹತ್ತಿರ, ಪರದೆಯ ಆಚೆಗೆ ಬಿದ್ದುಹೋಗಿತ್ತು. ಸಾವಿರ ದಾಟಿದ್ದನ್ನು ಯಂತ್ರ ಎಣಿಸುವುದಿಲ್ಲ. ಕಾಣೆಯಾದ ಸುಮಾರು ಮೂರು ಸಾವಿರ ಎಣಿಕೆ ಹೋಗಿದ್ದು ಅಲ್ಲಿಗೆ.

ಅಂದರೆ ಎಲ್ಲವೂ ದುಪ್ಪಟ್ಟಾಗಿ ಕಾಣುತ್ತಿದೆ. ದುಪ್ಪಟ್ಟು ಮಾಡಿದವರು ಯಾರು?

ಅವಳು ಎದ್ದು ಮಿಡಿತಗಳನ್ನು ದೊಡ್ಡದು ಮಾಡುವ ಪೆಟ್ಟಿಗೆಯ ಮುಂದೆ ಬಗ್ಗಿದಳು. ತಿರುಗುಗುಂಡಿ ಹತ್ತರ ಮೇಲಿರಬೇಕಾದದ್ದು ಇಪ್ಪತ್ತರ ಮೇಲಿತ್ತು. ಅದನ್ನು ತಿರುಗಿಸಿದವರು ಯಾರೆಂದು ಹುಡುಕಬೇಕಾಗಿರಲಿಲ್ಲ. ಹೋದ ವಾರ ಪಂಪಿನ ಗೊರಗೊರ ಸದ್ದು ತಂತಿಗೂ ಬರುತ್ತಿದೆಯೇ ಎಂದು ನೋಡಲು ಅವಳೇ ತಿರುಗಿಸಿದ್ದಳು, ಆಮೇಲೆ ಮರೆತಿದ್ದಳು.

ಮರೆತಿದ್ದೇನೆ ಎಂದು ಹೇಳುವುದಕ್ಕೆ ಬಾಯಿ ತೆರೆದಳು. ಯಾಕೋ ಆ ಮಾತಿನ ಹಿಂದೆಯೇ ಇನ್ನೂ ಒಂದು ಮಾತು ಸಾಲಾಗಿ ನಿಂತಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಹೊರಡಿಸುವ ಹಾಗಿರಲಿಲ್ಲ.

"ತಪ್ಪಾಯ್ತು ಅತ್ತಿಗೆ," ಎಂದಳು. "ಇದನ್ನ ತಿರುಗಿಸಿ ಮರೆತವಳು ನಾನೇ. ಅವತ್ತು ನಿಮ್ಮ ರಬ್ಬರ್ ತಗೊಂಡುಹೋಗಿ ಮರೆತಿದ್ದೂ ನಾನೇ. ಹನ್ನೊಂದು ಜನರ ಮುಂದೆ ನಿಮಗೆ ನೂರು ಡಿಗ್ರಿ ಪಾಠ ಹೇಳಿದೆನಲ್ಲ, ಅದಕ್ಕಂತೂ ನನ್ನ ನಾಲಿಗೆ ಕತ್ತರಿಸಬೇಕು."

ಅತ್ತಿಗೆ ನೀಲಿ ಪುಸ್ತಕದ ರಟ್ಟಿನ ಮೇಲೆ ಬೆರಳಾಡಿಸುತ್ತ ನಿಂತರು.

"ನಾಲಿಗೆ ಇರಲಿ, ಫೋನಿಗೆ ಬೇಕು," ಎಂದರು ಕೊನೆಗೆ. "ಮೊದಲು ನಿಮ್ಮ ಸಾರ್‌ಗೆ ಫೋನ್ ಮಾಡು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿ ಕೂತಿದೀಯ."

'ಮಾಡು' ಎಂದದ್ದನ್ನು ನಾದಿನಿ ಕೇಳಿಸಿಕೊಂಡಳು. 'ಮಾಡಿ' ಅಲ್ಲ.

ಮುಖ್ಯಸ್ಥರಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಅವರು ಆಗಲೇ ಬಲೂನಿನವರಿಗೆ ತಿಳಿಸಿ ಭೇಷ್ ಎನ್ನಿಸಿಕೊಂಡಿದ್ದರು. "ಹಾಗೇ ಕಳಿಸಿದ್ದರೆ ಏನಾಗ್ತಿತ್ತು?" ಎಂದು ಕೇಳಿದರು. "ಎಲ್ಲ ನಕ್ಷತ್ರಗಳೂ ಎರಡರಷ್ಟು ಬಿಸಿಯಾಗಿ ಕಾಣ್ತಿದ್ದವು ಸಾರ್," ಎಂದಳು ನಾದಿನಿ. ಆಚೆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. "ಕಂಡುಹಿಡಿದವರು ಯಾರು?"

"ನಮ್ಮ ಅತ್ತಿಗೆ, ಸಾರ್."

"ಸೀಸಮ್ಮ ನಿಮ್ಮ ಅತ್ತಿಗೆಯಾ? ಇಷ್ಟು ದಿನ ಗೊತ್ತೇ ಇರಲಿಲ್ಲ."

"ನಡುವೆ ಸ್ವಲ್ಪ ದಿನ ನಮಗೂ ಮರೆತುಹೋಗಿತ್ತು ಸಾರ್."

ಗುಂಡಿಯನ್ನು ಹತ್ತಕ್ಕೆ ತಿರುಗಿಸಿ, ಹಳೆಯ ಚುಕ್ಕೆಗಳನ್ನೆಲ್ಲ ಅಳಿಸಿ, ಮತ್ತೆ ಸುರು ಮಾಡಿದರು. ಈ ಸಲ ಅತ್ತಿಗೆ ಸ್ಟೂಲನ್ನು ಪರದೆಯ ಮುಂದಕ್ಕೇ ಎಳೆದುಕೊಂಡರು. ಮುನ್ನೂರರ ಹತ್ತಿರ ದೊಡ್ಡ ಗುಡ್ಡ ತಲೆ ಎತ್ತಿತು. ಅದರ ಬಲಕ್ಕೆ ಮೊದಲು ಏನೂ ಇದ್ದ ಹಾಗೆ ಕಾಣಲಿಲ್ಲ. ಹತ್ತು ನಿಮಿಷವಾದ ಮೇಲೆ ಆರುನೂರರ ಸುತ್ತ ಚುಕ್ಕೆಗಳು ಒತ್ತೊತ್ತಾಗಿ, ನಿಧಾನವಾಗಿ ನೆಲ ಉಬ್ಬಿತು.

"ಬಂತು ನೋಡು," ಎಂದರು ಅತ್ತಿಗೆ. ಸ್ವಂತ ಹೊಲದಲ್ಲಿ ಮೊಳಕೆ ಕಂಡವರ ಹಾಗಿತ್ತು ಅವರ ದನಿ.

ಎಣಿಕೆ ನಿಮಿಷಕ್ಕೆ ಒಂಬತ್ತು ಸಾವಿರದ ಎಂಬತ್ತಕ್ಕೆ ಬಂದು ನಿಂತಿತು. ಅತ್ತಿಗೆ ನೀಲಿ ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಆದರೂ ಅವರಿಗೆ ಸಮಾಧಾನವಾಗಲಿಲ್ಲ.

"ಒಂದೇ ಬಟ್ಟು ಇಟ್ಟು ತಕ್ಕಡಿ ನೋಡಿ ಸರಿ ಅನ್ನೋದು ಹೇಗೆ? ಕ್ಯಾಡ್ಮಿಯಂ ತರ್ತೀನಿ. ಅದರದ್ದು ಎಷ್ಟು ಅಳತೆ?"

"ಇಪ್ಪತ್ತೆರಡು. ಅಷ್ಟು ಸಣ್ಣದಕ್ಕೆ ಝೆನಾನ್ ಆ ಮೂವತ್ತನ್ನ ಉಗುಳೋಕಾಗಲ್ಲ. ಅದಕ್ಕೆ ಒಂದೇ ಗುಡ್ಡ, ಇನ್ನೂರಿಪ್ಪತ್ತರ ಹತ್ತಿರ ಬರಬೇಕು. ಆದ್ರೆ ಅತ್ತಿಗೆ, ಅದಕ್ಕೆ ಬೇರೆ ಅರ್ಜಿ ಬೇಕಲ್ಲ. ಒಂದು ದಿನ ಮುಂಚೆ ಕೊಡಬೇಕು ಅಂತಲ್ವಾ?"

ಅತ್ತಿಗೆ ತಮ್ಮ ಪುಸ್ತಕದ ನಡುವಿನಿಂದ ಮಡಚಿದ ಹಾಳೆಯೊಂದನ್ನು ತೆಗೆದರು. ಕ್ಯಾಡ್ಮಿಯಂಗೆ ಅರ್ಜಿ, ನಾದಿನಿಯ ಹೆಸರಿನಲ್ಲಿ, ನಿನ್ನೆಯ ತಾರೀಕಿನಲ್ಲಿ, ಅತ್ತಿಗೆಯದೇ ದುಂಡನೆಯ ಅಕ್ಷರದಲ್ಲಿ. ಸಹಿಯೊಂದು ಬಾಕಿ.

"ನಿನಗೆ ಬೇಕಾಗತ್ತೆ ಅಂತ ನಿನ್ನೆನೇ ಬರೆದಿಟ್ಟಿದ್ದೆ. ಕೇಳಿದ್ರೆ ಕೊಡೋಣ, ಕೇಳದಿದ್ರೆ ಬೇಡ ಅಂತ." ಕೋಣೆಯ ಕಿಟಕಿಯಾಚೆ ನೋಡುತ್ತ ಮುಂದುವರಿಸಿದರು. "ಇನ್ನೊಂದು ಹೇಳಿಬಿಡ್ತೀನಿ. ಹೋದ ತಿಂಗಳು ನಿನ್ನ ಅರ್ಜಿ ಎರಡು ಸಲ ವಾಪಸ್ ಕಳಿಸಿದ್ದೆನಲ್ಲ. ಮೊದಲನೇದರಲ್ಲಿ ತಾರೀಕು ತಪ್ಪಿತ್ತು. ಎರಡನೇದರಲ್ಲಿ ಏನೂ ತಪ್ಪಿರಲಿಲ್ಲ."

ನಾದಿನಿ ಅವರನ್ನೇ ನೋಡಿದಳು. "ನಾನು ಆ ಅರ್ಜಿನ ಮೂರು ಸಲ ಓದಿದೀನಿ ಅತ್ತಿಗೆ. ಕೊನೆಗೆ ಅಲ್ಪವಿರಾಮ ತಪ್ಪಿರಬೇಕು ಅಂತ ಅದನ್ನೂ ತಿದ್ದಿದ್ದೆ."

"ನೋಡಿದೆ. ಚೆನ್ನಾಗಿ ತಿದ್ದಿದ್ದೆ."

ಇಬ್ಬರೂ ಒಟ್ಟಿಗೇ ನಕ್ಕರು. ಒಮ್ಮೆ ಹೊರಟ ನಗು ನಿಲ್ಲಲಿಲ್ಲ. ನಿಂತಿತು ಎನ್ನುವಾಗ ಒಬ್ಬರ ಮುಖ ಇನ್ನೊಬ್ಬರು ನೋಡಿ ಮತ್ತೆ ಸುರುವಾಗುತ್ತಿತ್ತು. ಪಕ್ಕದ ಕೋಣೆಯವನೊಬ್ಬ ಬಾಗಿಲಲ್ಲಿ ಇಣುಕಿ, ವಿಕಿರಣದ ಎಚ್ಚರಿಕೆ ಫಲಕ ಹೊತ್ತ ಕೋಣೆಯಲ್ಲಿ ಸೀಸಮ್ಮ ಕಣ್ಣೊರೆಸಿಕೊಳ್ಳುತ್ತಿರುವುದನ್ನು ಕಂಡು ಗಾಬರಿಯಾಗಿ ಹೊರಟುಹೋದ.

ನಾಲ್ಕನೇ ನಂಬರನ್ನು ಡಬ್ಬಿಗೆ ಸೇರಿಸಿ, ಕೋಣೆಗೆ ಬೀಗ ಹಾಕಿ, ಎರಡು ಡಬ್ಬಿ ಊಟವನ್ನು ಹೊರಗಿನ ಮೆಟ್ಟಿಲ ಮೇಲೆ ಹಂಚಿಕೊಂಡರು. ಅನ್ನಕ್ಕೆ ಉಪ್ಪು ಸಾಲದು ಎಂದರು ಅತ್ತಿಗೆ. ಅದೂ ಮೂರು ತಿಂಗಳಿಂದ ಹೇಳದೆ ಉಳಿದಿದ್ದ ಮಾತು. ಮಧ್ಯಾಹ್ನ ಕ್ಯಾಡ್ಮಿಯಂ ಇಟ್ಟರು. ಇನ್ನೂರಿಪ್ಪತ್ತೊಂದರ ಮೇಲೆ ಒಂದೇ ಗುಡ್ಡ ಎದ್ದಿತು. ನಾದಿನಿ ಹಾಳೆಯ ಮೇಲೆ ಗುಡ್ಡಕ್ಕೊಂದರಂತೆ, ಅದರ ಶಕ್ತಿ ಮತ್ತು ಗೆರೆ ನೋಡಿ, ಮೂರು ಚುಕ್ಕೆ ಇಟ್ಟಳು. ಅತ್ತಿಗೆ ಅಡಿಕೋಲು ಹಿಡಿದರು, ಅವಳು ಗೆರೆ ಎಳೆದಳು. ಮೂರೂ ಚುಕ್ಕೆ ಗೆರೆಯ ಮೇಲೆ ಕೂತವು. ಹಳೆಯ ಪುಸ್ತಕದ 'ಅಮೆರಿಸಿಯಂ ಆರುನೂರರಲ್ಲಿ' ಎಂಬ ಸಾಲಿನ ಕೆಳಗೆ ನಾದಿನಿ ಬರೆದಳು: 'ಗುಂಡಿ ಹತ್ತರ ಮೇಲಿರಲಿ. ಗುಡ್ಡ ಎರಡಿರಬೇಕು. ಒಂದೇ ಕಂಡರೆ ಯಾರಿಗೂ ಫೋನು ಮಾಡಬೇಡಿ.'

ನಾಲ್ಕೂವರೆಗೆ ಪಾತ್ರೆಯನ್ನು ಸ್ಪಂಜು ಹಾಸಿದ ಮರದ ಪೆಟ್ಟಿಗೆಯಲ್ಲಿ ಕೂರಿಸಿ ಮೊಳೆ ಹೊಡೆದದ್ದಾಯಿತು. ಕಪಾಟಿನ ಎರಡೂ ಬೀಗ ಹಾಕಿ, ಎಳೆದು ನೋಡಿ, ಅತ್ತಿಗೆ ಹೊರಬಂದಾಗ ನಾದಿನಿ ಅವರ ಚೀಲ ಹಿಡಿದು ಗೇಟಿನಲ್ಲಿ ಕಾಯುತ್ತಿದ್ದಳು. ಬಸ್ಸಿನ ಕಂಬದ ಹತ್ತಿರ ನೆರಳಿತ್ತು. ಅತ್ತಿಗೆ ಆಚೀಚೆ ನೋಡಿ ದನಿ ತಗ್ಗಿಸಿದರು.

"ನಿನಗೊಂದು ವಿಷಯ ಹೇಳ್ತೀನಿ. ನಿಮ್ಮಣ್ಣನಿಗೆ ಹೇಳಬಾರದು."

"ಏನು?"

"ಎರಡು ತಿಂಗಳಿಂದ ಕಾರು ಕಲೀತಾ ಇದೀನಿ. ಮಧ್ಯಾಹ್ನದ ಬಿಡುವಿನಲ್ಲಿ."

ನಾದಿನಿಯ ಕೈಯಿಂದ ಚೀಲ ಜಾರಿತು. "ನೀವಾ? ಅಣ್ಣಂಗೆ ಯಾಕೆ ಹೇಳಿಲ್ಲ?"

"ಹೇಳಿದ್ರೆ ತಾನೇ ಕಲಿಸ್ತೀನಿ ಅಂತ ಕೂರ್ತಾರೆ. ಲಿಫ್ಟಿನವರು. ಮೇಲೆ ಕೆಳಗೆ ಹೋಗೋದು ಗೊತ್ತು, ಮುಂದೆ ಹಿಂದೆ ಹೋಗೋದು ಅವರಿಗೇನು ಗೊತ್ತು. ಹೋದ ವಾರ ಪರೀಕ್ಷೆ ಇತ್ತು, ಫೇಲಾದೆ. ಹಿಂದಕ್ಕೆ ತಗೋ ಅಂದ್ರು, ತಗೊಂಡೆ. ಅಲ್ಲೊಂದು ಕುರ್ಚಿ ಇತ್ತು."

"ಕುರ್ಚಿ ಮೇಲೆ?"

"ಪುಣ್ಯಕ್ಕೆ ಅಧಿಕಾರಿ ಎದ್ದು ನಿಂತಿದ್ರು. ಇರು, ಮೊದಲಿಂದ ಹೇಳ್ತೀನಿ. ಆ ಕಲಿಸೋ ಹುಡುಗಿ ಇದಾಳಲ್ಲ..."

ಬಸ್ಸು ಬಂದು ನಿಂತು, ಜನರನ್ನು ಹತ್ತಿಸಿಕೊಂಡು ಹೊರಟುಹೋಯಿತು. ಅತ್ತಿಗೆ ಇನ್ನೂ ಎರಡನೇ ಗೇರಿನಲ್ಲಿದ್ದರು.